ಚೀಪುವ ನಿಪ್ಪಲ್ಲು: ಬಿಡಿಸುವ ಕಾಲ, ಬಿಡಿಸುವ ಕ್ರಮ

ಅಳುವ ಕೂಸನ್ನು ಸಂತೈಸುವುದು ಗೃಹಸ್ಥಜೀವನದ ಅತಿ ಪ್ರಾಚೀನ ಕರ್ತವ್ಯಗಳಲ್ಲೊಂದು. ತೊಟ್ಟಿಲು ತೂಗುವುದು, ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುವುದು, ಜೋಗುಳ ಹಾಡುವುದು, ಅಂಗಳಕ್ಕೆ ಎತ್ತಿಕೊಂಡು ಹೋಗಿ ಹಗಲಾದರೆ ಕಾಗೆಯನ್ನೂ ರಾತ್ರಿಯಾದರೆ ಚಂದಿರನನ್ನೂ ತೋರಿಸುವುದು, ಇವೆಲ್ಲ ಆ ಕರ್ತವ್ಯದ ನಿರ್ವಹಣೆಗಾಗಿ ನಮ್ಮ ಹಿರಿಯರು ಕಂಡುಕೊಂಡಿದ್ದ ಉಪಾಯಗಳು. ಇವುಗಳ ಸಾಲಿಗೆ ನಮ್ಮ ಕಾಲದಲ್ಲಿ ಇನ್ನೊಂದು ಬಂದು ಸೇರಿದೆ. ಔಷಧಿ ಅಂಗಡಿಗಳಲ್ಲಿ ಹಾಲಿನ ಬಾಟಲಿಗಳ ಪಕ್ಕದಲ್ಲಿ ತೂಗುಹಾಕಿರುವ, ಪೊಟ್ಟಣದ ಮೇಲೆ ಪ್ಯಾಸಿಫೈಯರ್ ಎಂದು ಬರೆದಿರುವ, ಮನೆಮಂದಿ ಮಾತ್ರ ಚೀಪುವ ನಿಪ್ಪಲ್ಲೆಂದೋ ಖಾಲಿ ನಿಪ್ಪಲ್ಲೆಂದೋ ಕರೆಯುವ ಆ ಪುಟ್ಟ ವಸ್ತು ಇಂದು ನಗರಗಳ ಅನೇಕ ಮನೆಗಳಲ್ಲಿ ತೊಟ್ಟಿಲಿನಷ್ಟೇ ಪರಿಚಿತವಾಗಿದೆ.

ಇದನ್ನು ಮಗುವಿನ ಬಾಯಿಗಿಡುವುದಕ್ಕೆ ಒಂದು ಕ್ಷಣ ಸಾಕು. ಬಿಡಿಸುವ ಯೋಚನೆ ಬಂದಾಗ ಮಾತ್ರ ಮನೆಯಲ್ಲಿ ನಾಲ್ಕು ಜನರಿಗೆ ನಾಲ್ಕು ಅಭಿಪ್ರಾಯಗಳು ಹುಟ್ಟುತ್ತವೆ. ಅಜ್ಜಿ ಬೇವಿನೆಣ್ಣೆಯ ಮಾತೆತ್ತುತ್ತಾಳೆ. ಅಪ್ಪ ಒಂದೇ ದಿನದಲ್ಲಿ ಎಸೆದುಬಿಡೋಣವೆನ್ನುತ್ತಾನೆ. ಅಮ್ಮ ಇನ್ನೊಂದು ತಿಂಗಳು ಹೋಗಲೆಂದು ಮುಂದೂಡುತ್ತಾಳೆ. ದಂತವೈದ್ಯರು ಹುಬ್ಬು ಗಂಟಿಕ್ಕುತ್ತಾರೆ. ಎಂದು ಬಿಡಿಸಬೇಕೆಂಬ ಪ್ರಶ್ನೆಗೆ ವೈದ್ಯಶಾಸ್ತ್ರವು ಸಾಕಷ್ಟು ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ಹೇಗೆ ಬಿಡಿಸಬೇಕೆಂಬ ಪ್ರಶ್ನೆ ಅದಕ್ಕಿಂತ ಗಹನವಾದದ್ದು. ಅದರ ಉತ್ತರವು ಬಹುಮಟ್ಟಿಗೆ ಮಗುವನ್ನು ಸುತ್ತುವರಿದಿರುವ ದೊಡ್ಡವರ ನಡವಳಿಕೆಯಲ್ಲಿ ಅಡಗಿದೆಯೆಂಬುದು ಈ ಲೇಖನದ ಪ್ರತಿಪಾದನೆ.

ಹುಟ್ಟಿಗೂ ಮೊದಲಿನ ಬಯಕೆ

ಚೀಪುವುದು ಮಗುವಿಗೆ ಯಾರೂ ಕಲಿಸಿಕೊಟ್ಟ ಚಾಳಿಯಲ್ಲ. ಗರ್ಭಸ್ಥ ಶಿಶುವು ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಿರುವ ದೃಶ್ಯವನ್ನು ಸ್ಕ್ಯಾನಿಂಗ್ ಕೊಠಡಿಯ ಪರದೆಯ ಮೇಲೆ ಕಂಡು ಪುಲಕಿತರಾದ ತಂದೆತಾಯಿಗಳು ಎಷ್ಟೋ ಮಂದಿ. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರು ಕ್ರಿಯೆಗಳು ಒಂದಕ್ಕೊಂದು ಹೊಂದಿಕೊಂಡು ನಡೆಯುವ ಸಾಮರ್ಥ್ಯವು ಗರ್ಭದ ಸುಮಾರು 34ನೆಯ ವಾರದ ಹೊತ್ತಿಗೆ ಕೂಡಿಬರುತ್ತದೆ. ಅದಕ್ಕೂ ಮೊದಲೇ ಹುಟ್ಟಿದ, ನಳಿಕೆಯ ಮೂಲಕ ಹಾಲು ಪಡೆಯುತ್ತಿರುವ ಶಿಶುಗಳಿಗೆ ಆಸ್ಪತ್ರೆಯಲ್ಲಿ ಖಾಲಿ ನಿಪ್ಪಲ್ಲನ್ನು ಚೀಪಲು ಕೊಟ್ಟರೆ ಅವು ಬೇಗನೆ ಬಾಯಿಂದ ಹಾಲು ಕುಡಿಯುವುದನ್ನು ಕಲಿತು, ಬೇಗನೆ ಮನೆಗೆ ಹೋಗುವಂತಾಗುತ್ತವೆಂಬುದು ಪರೀಕ್ಷಿತವಾದ ಸಂಗತಿ.

ಅಮೆರಿಕದ ಸಂಶೋಧಕ ಪೀಟರ್ ವೋಲ್ಫ್ ಅವರು 1960ರ ದಶಕದಲ್ಲಿ ಎಳೆಯ ಶಿಶುಗಳನ್ನು ಸೂಕ್ಷ್ಮವಾಗಿ ಗಮನಿಸಿ, ಹಾಲು ಬರುವಾಗ ಶಿಶುವು ಸೆಕೆಂಡಿಗೆ ಸುಮಾರು ಒಂದು ಸಲ ಹೀರುವುದೆಂದೂ, ಏನೂ ಬಾರದ ನಿಪ್ಪಲ್ಲನ್ನು ಸೆಕೆಂಡಿಗೆ ಸುಮಾರು ಎರಡು ಸಲ, ನಡುನಡುವೆ ವಿರಾಮವಿಟ್ಟು, ಗುಂಪುಗುಂಪಾಗಿ ಚೀಪುವುದೆಂದೂ ತೋರಿಸಿಕೊಟ್ಟರು. ಹಸಿವಿಗಾಗಿ ಹೀರುವುದು ಒಂದು, ನೆಮ್ಮದಿಗಾಗಿ ಚೀಪುವುದು ಇನ್ನೊಂದು. ಎರಡಕ್ಕೂ ಲಯವೇ ಬೇರೆ. ಹೊಟ್ಟೆ ತುಂಬಿದ ಮೇಲೂ ಮಗು ಚೀಪಲು ಹಂಬಲಿಸಿದರೆ ಅದು ಹಟವಲ್ಲ, ಪ್ರಕೃತಿಯೇ ಅದಕ್ಕೆ ಕೊಟ್ಟಿರುವ ಶಾಂತಿಯ ಮಾರ್ಗ.

ಈ ಬಯಕೆಯನ್ನು ಮನುಷ್ಯರು ಎಲ್ಲ ಕಾಲದಲ್ಲೂ ಬಲ್ಲವರಾಗಿದ್ದರು. ನಮ್ಮಲ್ಲಿ ಬಜೆಯ ಬೇರಿನ ತುಂಡುಗಳನ್ನು ಪೋಣಿಸಿ ಕೂಸಿನ ಮಣಿಕಟ್ಟಿಗೆ ಕಟ್ಟುವ ರೂಢಿಯಿತ್ತು; ಅದು ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಯುರೋಪಿನಲ್ಲಿ ಬಟ್ಟೆಯ ತುದಿಯಲ್ಲಿ ಸಿಹಿಯನ್ನೋ ರೊಟ್ಟಿಯ ಪುಡಿಯನ್ನೋ ಗಂಟುಕಟ್ಟಿ ಕೊಡುತ್ತಿದ್ದರು. ಜರ್ಮನಿಯ ಮಹಾಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1506ರಲ್ಲಿ ಬರೆದ, ಈಗ ಬರ್ಲಿನ್ನಿನಲ್ಲಿರುವ ಮೇರಿಮಾತೆಯ ಚಿತ್ರದಲ್ಲಿ ಶಿಶು ಯೇಸುವಿನ ಕೈಯಲ್ಲಿ ಇಂಥದೊಂದು ಬಟ್ಟೆಯ ಗಂಟು ಕಾಣುತ್ತದೆ. ಸಿರಿವಂತರ ಮನೆಗಳಲ್ಲಿ ಬೆಳ್ಳಿಯ ಹಿಡಿಗೆ ಹವಳವನ್ನು ಕೂಡಿಸಿ, ಗೆಜ್ಜೆ ಕಟ್ಟಿ ಕೊಡುತ್ತಿದ್ದುದುಂಟು. ರಬ್ಬರಿನ ತೊಟ್ಟು, ತುಟಿಗೆ ತಡೆಯಾಗಿ ನಿಲ್ಲುವ ಬಿಲ್ಲೆ, ಹಿಡಿಯುವುದಕ್ಕೆ ಬಳೆ, ಈ ಮೂರೂ ಕೂಡಿದ ಇಂದಿನ ಆಕೃತಿಗೆ 1900ರಲ್ಲಿ ಪೇಟೆಂಟ್ ಪಡೆದವನು ನ್ಯೂಯಾರ್ಕಿನ ಔಷಧ ವ್ಯಾಪಾರಿ ಕ್ರಿಶ್ಚಿಯನ್ ಮೈನೆಕೆ.

ಗುಣವೂ ದೋಷವೂ

ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಬಾಣಂತನಕ್ಕೆಂದು ಶಿವಮೊಗ್ಗದಿಂದ ಹೋದ ತಾಯಿ, ಅಲ್ಲಿಯ ವೈದ್ಯರೇ ಕೂಸಿಗೆ ನಿಪ್ಪಲ್ ಕೊಟ್ಟು ಮಲಗಿಸಿರೆಂದು ಹೇಳುವುದನ್ನು ಕೇಳಿ ಬೆರಗಾಗುವುದು ಸಹಜ; ಊರಿನ ಆಸ್ಪತ್ರೆಯಲ್ಲಿ ಆಕೆ ಕೇಳಿದ್ದು ಅದಕ್ಕೆ ನೇರ ವಿರುದ್ಧವಾದ ಮಾತು. ಈ ಎರಡು ಉಪದೇಶಗಳಿಗೂ ಆಧಾರವಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ಕೂಡಿ 1989ರಲ್ಲಿ ಹೊರಡಿಸಿದ, ಸ್ತನ್ಯಪಾನದ ಯಶಸ್ಸಿಗೆ ಬೇಕಾದ ಹತ್ತು ಕ್ರಮಗಳಲ್ಲಿ ಒಂಬತ್ತನೆಯದು, ಎದೆಹಾಲು ಕುಡಿಯುವ ಶಿಶುಗಳಿಗೆ ಕೃತಕ ತೊಟ್ಟುಗಳನ್ನು ಕೊಡಲಾಗದೆಂದು ವಿಧಿಸಿತು. ಮಗುವು ಮೊಲೆಯನ್ನು ಸರಿಯಾಗಿ ಹಿಡಿಯುವ ಮೊದಲೇ ನಿಪ್ಪಲ್ಲನ್ನು ಕೊಟ್ಟರೆ ಹಸಿವಿನ ಸೂಚನೆಗಳು ಮರೆಯಾಗಿ, ಹಾಲು ಕುಡಿಯುವ ಸರದಿಗಳು ಕಡಿಮೆಯಾಗಬಹುದೆಂಬ ಎಚ್ಚರಿಕೆ ಅದರ ಹಿಂದಿತ್ತು. 2018ರ ಪರಿಷ್ಕರಣದಲ್ಲಿ ನಿಷೇಧವು ಸಡಿಲಗೊಂಡು, ಬಾಟಲಿ ಮತ್ತು ನಿಪ್ಪಲ್ಲುಗಳ ಬಳಕೆಯಿಂದಾಗುವ ಅಪಾಯಗಳನ್ನು ತಾಯಂದಿರಿಗೆ ತಿಳಿಯಹೇಳಬೇಕೆಂಬ ರೂಪವನ್ನು ತಾಳಿತು. ಅತ್ತ ಅಮೆರಿಕದ ಶಿಶುವೈದ್ಯರ ಅಕಾಡೆಮಿಯು, ನಿದ್ರೆಯಲ್ಲಿ ಶಿಶುಗಳು ಹಠಾತ್ತನೆ ಮರಣ ಹೊಂದುವ ದುರಂತವು ನಿಪ್ಪಲ್ ಚೀಪುತ್ತ ಮಲಗುವ ಮಕ್ಕಳಲ್ಲಿ ಕಡಿಮೆಯೆಂದು ಕಂಡು, ಸ್ತನ್ಯಪಾನವು ನೆಲೆಗೊಂಡ ಮೇಲೆ ಮಲಗಿಸುವಾಗ ಅದನ್ನು ಕೊಡಬಹುದೆಂದು 2005ರಿಂದ ಸಲಹೆ ಮಾಡುತ್ತ ಬಂದಿದೆ. ನಿದ್ದೆಯಲ್ಲಿ ಅದು ಬಾಯಿಂದ ಜಾರಿದರೆ ಮತ್ತೆ ತುರುಕಬೇಕಾಗಿಲ್ಲವೆಂದೂ ಹೇಳಿದೆ. ಆದಕಾರಣ ಮೊದಲ ಮೂರು ನಾಲ್ಕು ವಾರಗಳ ಮಟ್ಟಿಗೆ ಊರಿನ ಉಪದೇಶವೂ, ಅನಂತರದ ಕೆಲವು ತಿಂಗಳುಗಳಿಗೆ ಪರದೇಶದ ಸಲಹೆಯೂ ಹೊಂದಿಕೊಳ್ಳುತ್ತವೆ. ತಾಯಿಮಗಳಲ್ಲಿ ಯಾರೊಬ್ಬರೂ ಸೋಲಬೇಕಾದ ಪ್ರಮೇಯವಿಲ್ಲ.

ಆರು ತಿಂಗಳು ತುಂಬಿದ ಮೇಲೆ ಈ ಲೆಕ್ಕ ಬದಲಾಗತೊಡಗುತ್ತದೆ. ಗಂಟಲನ್ನೂ ನಡುಗಿವಿಯನ್ನೂ ಸೇರಿಸುವ ನಾಳವು ಎಳೆಯ ಮಕ್ಕಳಲ್ಲಿ ಮೋಟಾಗಿದ್ದು ಬಹುಮಟ್ಟಿಗೆ ಅಡ್ಡವಾಗಿ ಮಲಗಿರುತ್ತದೆ. ಗಂಟಲಿನ ಸೋಂಕು ಅದರ ಮೂಲಕ ಸುಲಭವಾಗಿ ಕಿವಿಗೆ ತಲುಪಬಲ್ಲದಾದ್ದರಿಂದ, ಸದಾಕಾಲ ಚೀಪುವ ಮಕ್ಕಳಲ್ಲಿ ಕಿವಿಯ ಸೋಂಕು ಹೆಚ್ಚಾಗಿ ಕಂಡುಬರುತ್ತದೆ. ಫಿನ್ಲೆಂಡಿನ ಶಿಶುಕಲ್ಯಾಣ ಕೇಂದ್ರಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ವಿಷಯದಲ್ಲಿ ವಿಶೇಷವಾಗಿ ಬೋಧಪ್ರದವಾದುದು. ಅಲ್ಲಿ ಯಾರೂ ಮಕ್ಕಳ ಕೈಯಿಂದ ನಿಪ್ಪಲ್ಲನ್ನು ಕಿತ್ತುಕೊಳ್ಳಲಿಲ್ಲ. ಆರು ತಿಂಗಳಾದ ಮೇಲೆ ಅದನ್ನು ನಿದ್ದೆ ಬರಿಸುವುದಕ್ಕೆ ಮಾತ್ರ ಕೊಡಿರೆಂದು ದಾದಿಯರು ತಂದೆತಾಯಿಗಳಿಗೆ ವಿವರಿಸಿದರು. ಅಷ್ಟು ತಿಳಿವಳಿಕೆಯನ್ನು ಕೊಟ್ಟ ಕೇಂದ್ರಗಳ ಮಕ್ಕಳಲ್ಲಿ ನಡುಗಿವಿಯ ಸೋಂಕು ಶೇಕಡ 29ರಷ್ಟು ಕಡಿಮೆಯಾಯಿತು. ಚಿಕಿತ್ಸೆ ನಡೆದದ್ದು ದೊಡ್ಡವರ ತಿಳಿವಿಗೆ, ಗುಣವಾದದ್ದು ಮಕ್ಕಳ ಕಿವಿ.

ಇನ್ನು ಹಲ್ಲಿನ ವಿಚಾರ. ವರ್ಷಗಟ್ಟಲೆ ನಿಪ್ಪಲ್ಲನ್ನು ಕಚ್ಚಿಕೊಂಡಿರುವ ಮಗುವಿನ ಮುಂಭಾಗದ ಮೇಲುಹಲ್ಲುಗಳೂ ಕೆಳಹಲ್ಲುಗಳೂ ಒಂದನ್ನೊಂದು ಮುಟ್ಟದೆ ನಡುವೆ ತೆರವು ಉಳಿಯುತ್ತದೆ. ಮೇಲಿನ ದವಡೆ ಕಿರಿದಾಗಿ ಹಿಂಬದಿಯ ಹಲ್ಲುಗಳು ಅಡ್ಡಾದಿಡ್ಡಿಯಾಗಿ ಕೂಡುತ್ತವೆ. ಎರಡನೆಯ ಹುಟ್ಟುಹಬ್ಬದ ತರುವಾಯ ಈ ಅಪಾಯ ಬೆಳೆಯುತ್ತ ಹೋಗುತ್ತದೆ. ಬೇಗನೆ ಬಿಟ್ಟ ಮಕ್ಕಳಲ್ಲಿ ಮುಂಬಲ್ಲಿನ ತೆರವು ಎಷ್ಟೋ ಸಲ ತಾನಾಗಿಯೇ ಮುಚ್ಚಿಕೊಳ್ಳುವುದುಂಟು. ತಡವಾದಷ್ಟೂ ಆ ಸಾಧ್ಯತೆ ಕುಗ್ಗುತ್ತದೆ. ಮೂರು ವರ್ಷದೊಳಗಾಗಿ ಅಭ್ಯಾಸವನ್ನು ನಿಲ್ಲಿಸಬೇಕೆಂಬುದು ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿಯ ಅಭಿಮತ. ನಿಪ್ಪಲ್ ಬಿಡಿಸಿದರೆ ಹೆಬ್ಬೆರಳು ಬಾಯಿಗೆ ಬಂದೀತೆಂಬ ಭಯದಿಂದ ಹಿಂಜರಿಯುವವರಿದ್ದಾರೆ. ಆ ಭಯ ನಿರಾಧಾರವಲ್ಲ. ನಿಪ್ಪಲ್ಲನ್ನಾದರೆ ಕಪಾಟಿನಲ್ಲಿಡಬಹುದು, ಬೆರಳನ್ನು ಎಲ್ಲಿಡುವುದು? ಆದುದರಿಂದಲೇ ಬಿಡಿಸುವ ಕ್ರಮವು ಮಗುವನ್ನು ಅನ್ಯಾಶ್ರಯಕ್ಕೆ ಅಟ್ಟುವಷ್ಟು ಕಠಿನವಾಗಕೂಡದು.

ಕಾಲನಿರ್ಣಯ

ಈ ಎಲ್ಲ ಸಂಗತಿಗಳನ್ನೂ ಒಟ್ಟುಗೂಡಿಸಿ ನೋಡಿದರೆ ಕಾಲದ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಮೊದಲ ತಿಂಗಳು ತಾಯಿಯ ಎದೆಗೆ ಮೀಸಲು. ಅಲ್ಲಿಂದ ಆರನೆಯ ತಿಂಗಳವರೆಗೆ ಬೇಕೆನಿಸಿದವರು ನಿದ್ದೆಯ ವೇಳೆಯಲ್ಲಿ ಕೊಡಬಹುದು. ಆರರಿಂದ ಹನ್ನೆರಡನೆಯ ತಿಂಗಳೊಳಗೆ ಹಗಲಿನ ಬಳಕೆಯನ್ನು ನಿಲ್ಲಿಸಿ, ಮಲಗುವ ಹೊತ್ತಿಗೆ ಮಾತ್ರ ಉಳಿಸಿಕೊಳ್ಳುವುದು ಉಚಿತ. ಒಂದನೆಯ ಮತ್ತು ಎರಡನೆಯ ಹುಟ್ಟುಹಬ್ಬಗಳ ನಡುವೆ ಅದನ್ನೂ ಮುಗಿಸಿದರೆ ಕಿವಿಗೂ ಹಲ್ಲಿಗೂ ಮಾತಿಗೂ ಹಿತ. ಮೂರನೆಯ ವರ್ಷವು ಕೊನೆಯ ಗಡುವು. ಮಾತು ಚಿಗುರುವ ವಯಸ್ಸಿನಲ್ಲಿ ದಿನವಿಡೀ ಬಾಯಿ ಮುಚ್ಚಿಕೊಂಡಿರುವ ಮಗುವಿಗೆ ತೊದಲುವ ಅವಕಾಶವೇ ಕಡಿಮೆಯಾಗುತ್ತದೆಂಬುದನ್ನು ತಿಳಿಯಲು ಶಾಸ್ತ್ರದ ನೆರವು ಬೇಕಿಲ್ಲ. ನಿಪ್ಪಲ್ಲನ್ನು ಕಚ್ಚಿಕೊಂಡೇ ‘ನೀಯು’ ಎಂದು ನೀರು ಕೇಳುವ ಎರಡು ವರ್ಷದ ಮಗುವನ್ನು ಒಮ್ಮೆ ಕಂಡರೆ ಸಾಕು.

ವಯಸ್ಸು ಬಂದಿತೆಂಬ ಮಾತ್ರಕ್ಕೆ ಎಲ್ಲ ದಿನವೂ ಸುದಿನವಾಗದು. ಜ್ವರ ಬಂದಿರುವಾಗ, ಹಲ್ಲು ಮೂಡಿ ವಸಡು ಬಾತಿರುವಾಗ, ತಾಯಿ ಎರಡನೆಯ ಹೆರಿಗೆಗೆ ಹೋಗಿರುವಾಗ, ಮನೆ ಬದಲಾಯಿಸಿದಾಗ, ಮಗು ಹೊಸದಾಗಿ ಅಂಗನವಾಡಿಗೋ ಶಿಶುವಿಹಾರಕ್ಕೋ ಕಾಲಿಟ್ಟ ವಾರದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಒಂದು ಆಸರೆಯನ್ನು ತೆಗೆಯುವಾಗ ಮಿಕ್ಕ ಆಸರೆಗಳೆಲ್ಲ ಸ್ವಸ್ಥಾನದಲ್ಲಿ ಭದ್ರವಾಗಿರಬೇಕು.

ಭಯವೂ ಕಹಿಯೂ ಬೇಡ

ಬೇವಿನೆಣ್ಣೆ, ಹಾಗಲದ ರಸ, ಮೆಣಸಿನ ಪುಡಿ, ಇವು ನಮ್ಮಲ್ಲಿ ಮೊಲೆ ಬಿಡಿಸುವುದಕ್ಕೂ ಬೆರಳು ಬಿಡಿಸುವುದಕ್ಕೂ ಬಹುಕಾಲದಿಂದ ಬಳಕೆಯಲ್ಲಿರುವ ಉಪಾಯಗಳು. ಈಗ ನಿಪ್ಪಲ್ಲಿಗೂ ಅವೇ ವರ್ಗಾವಣೆಯಾಗಿವೆ. ಇವು ಕೆಲವೊಮ್ಮೆ ಫಲಿಸುತ್ತವೆ, ನಿಜ. ಆದರೆ ನಿನ್ನೆಯವರೆಗೆ ನೆಮ್ಮದಿಯನ್ನು ಕೊಡುತ್ತಿದ್ದ ವಸ್ತುವು ಇಂದು, ಅದನ್ನು ಕೊಡುತ್ತಿದ್ದ ಕೈಯಿಂದಲೇ, ನಾಲಗೆಯನ್ನು ಸುಡುವಂತಾದರೆ ಮಗುವಿನ ವಿಶ್ವಾಸಕ್ಕೆ ಏನಾಗಬಹುದೆಂಬುದನ್ನು ನಾವು ಯೋಚಿಸಬೇಕು. ಮೆಣಸು ಕಣ್ಣಿಗೆ ಹತ್ತಿದರೆ ಆಗುವ ಯಾತನೆಯಂತೂ ಬೇರೆ. ಇದಕ್ಕೆ ತದ್ವಿರುದ್ಧವಾಗಿ, ಅಳು ಅಡಗಿಸಲು ನಿಪ್ಪಲ್ಲನ್ನು ಜೇನಿನಲ್ಲಿ ಅದ್ದಿ ಕೊಡುವವರೂ ಇದ್ದಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ನಿಷಿದ್ಧ. ಅದರಲ್ಲಿರಬಹುದಾದ ಬಾಟ್ಯುಲಿಸಮ್ ಜೀವಾಣುವಿನಿಂದ ಸ್ನಾಯುಗಳು ನಿಶ್ಚೇಷ್ಟಿತವಾಗಬಹುದು. 2018ರಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಜೇನು ತುಂಬಿದ ನಿಪ್ಪಲ್ಲುಗಳನ್ನು ಚೀಪಿದ ನಾಲ್ಕು ಶಿಶುಗಳು ಈ ರೋಗದಿಂದ ಆಸ್ಪತ್ರೆ ಸೇರಿದವು. ನಿಪ್ಪಲ್ಲಿನ ತುದಿಯನ್ನು ದಿನಕ್ಕಿಷ್ಟೆಂದು ಕತ್ತರಿಸುತ್ತ ಹೋಗುವ ಇನ್ನೊಂದು ಉಪಾಯವೂ ಪ್ರಚಾರದಲ್ಲಿದೆ. ಕತ್ತರಿಸಿದ ಸಿಲಿಕೋನು ಹರಿದು ಗಂಟಲಿಗೆ ಸಿಕ್ಕಿಕೊಳ್ಳಬಹುದಾದ್ದರಿಂದ ಅದೂ ತ್ಯಾಜ್ಯ. ಕೊರಳಿಗೆ ದಾರ ಕಟ್ಟಿ ನಿಪ್ಪಲ್ಲನ್ನು ಇಳಿಬಿಡುವುದು ಪ್ರಾಣಕ್ಕೇ ಸಂಚಕಾರ.

ಗುಮ್ಮನನ್ನು ಕರೆಯುವ ಪದ್ಧತಿಯ ಬಗ್ಗೆ ನಮ್ಮ ಪ್ರಾಚೀನ ವೈದ್ಯರು ಹೇಳಿರುವುದನ್ನು ಇಲ್ಲಿ ನೆನೆಯುವುದು ಯೋಗ್ಯ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಕೂಸಿನ ಆಟಿಕೆಗಳು ಹೇಗಿರಬೇಕೆಂಬ ವಿವರಣೆಯಿದೆ: ಅವು ಬಗೆಬಗೆಯಾಗಿರಬೇಕು, ಸದ್ದು ಮಾಡುವಂತಿರಬೇಕು, ಮನೋಹರವಾಗಿರಬೇಕು, ಭಾರವಾಗಿರಬಾರದು, ಮೊನೆಯುಳ್ಳವಾಗಿರಬಾರದು, ಬಾಯೊಳಗೆ ಹೊಗುವಂತಿರಬಾರದು, ಪ್ರಾಣಕ್ಕೆ ಅಪಾಯ ತರಬಾರದು, ಹೆದರಿಸುವಂತಿರಬಾರದು. ಅದರ ಬೆನ್ನಲ್ಲೇ ಗ್ರಂಥಕಾರನು, ಮಗು ಅತ್ತರೂ ಉಣ್ಣದೆ ಹಟಹಿಡಿದರೂ ಅದನ್ನು ಹೆದರಿಸುವುದು ಒಳ್ಳೆಯದಲ್ಲವೆಂದೂ, ರಾಕ್ಷಸ ಪಿಶಾಚ ಪೂತನಿಯರ ಹೆಸರುಗಳನ್ನು ಹೇಳಿ ಅದನ್ನು ಅಂಕೆಯಲ್ಲಿಡಲು ಯತ್ನಿಸಬಾರದೆಂದೂ ವಿಧಿಸುತ್ತಾನೆ. ಬೆಕ್ಕು ಕಚ್ಚಿಕೊಂಡು ಹೋಯಿತು, ಗುಮ್ಮ ಒಯ್ದ ಎಂದು ಹೇಳಿ ನಿಪ್ಪಲ್ಲನ್ನು ಮರೆಸುವವರು, ಒಂದು ಸಾಂತ್ವನವನ್ನು ಕಸಿದುಕೊಂಡ ಗಳಿಗೆಯಲ್ಲೇ ಒಂದು ಭೀತಿಯನ್ನೂ ಕೈಗಿಡುತ್ತಾರೆ.

ಡೆನ್ಮಾರ್ಕಿನವರು ಕಂಡುಕೊಂಡ ದಾರಿ ಇದಕ್ಕಿಂತ ಎಷ್ಟೋ ಮೇಲು. ಕೋಪನ್‌ಹೇಗನ್ನಿನ ಫ್ರೆಡೆರಿಕ್ಸ್‌ಬರ್ಗ್ ಉದ್ಯಾನದಲ್ಲಿ ನಿಪ್ಪಲ್ಲಿನ ಮರವೆಂದೇ ಪ್ರಸಿದ್ಧವಾದ ಮರವುಂಟು. ಅಭ್ಯಾಸ ಬಿಡುವ ವಯಸ್ಸಿಗೆ ಬಂದ ಮಕ್ಕಳು ತಂದೆತಾಯಿಗಳೊಡನೆ ಅಲ್ಲಿಗೆ ಹೋಗಿ ಬಣ್ಣದ ದಾರದಲ್ಲಿ ತಮ್ಮ ನಿಪ್ಪಲ್ಲನ್ನು ಕೊಂಬೆಗೆ ಕಟ್ಟಿ ಬರುತ್ತಾರೆ. ಕೆಲವರು ಜೊತೆಗೊಂದು ಪತ್ರವನ್ನೂ ತೂಗುಹಾಕುತ್ತಾರೆ. ಅಲ್ಲಿ ವಸ್ತು ಕಳೆದುಹೋಗುವುದಿಲ್ಲ. ಮಗು ತನ್ನ ಕೈಯಾರೆ ಅದನ್ನು ಒಪ್ಪಿಸಿ ಬರುತ್ತದೆ. ಇಂಗ್ಲೆಂಡಿನ ಶಿಶುವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನ್ನಿಕಾಟ್ ಅವರು 1951ರಲ್ಲಿ ಮಂಡಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಮಗುವು ಅವಿಚಿಕೊಂಡು ಮಲಗುವ ಬಟ್ಟೆ, ಗೊಂಬೆ ಮುಂತಾದ ಪ್ರಿಯವಸ್ತುಗಳು ಸಹಜ ಬೆಳವಣಿಗೆಯಲ್ಲಿ ಕ್ರಮೇಣ ತಮ್ಮ ಅರ್ಥವನ್ನು ಕಳೆದುಕೊಳ್ಳುತ್ತವೆಯೇ ಹೊರತು ಮಗು ಅವಕ್ಕಾಗಿ ಶೋಕಿಸುವುದಿಲ್ಲವೆಂದು ಪ್ರತಿಪಾದಿಸಿದರು. ನಿಪ್ಪಲ್ಲಿನ ವಿಷಯದಲ್ಲೂ ನಾವು ಅಪೇಕ್ಷಿಸತಕ್ಕದ್ದು ಇಂಥ ಅಂತ್ಯವನ್ನೇ.

ಒಂದು ಮನೆಯ ಕ್ರಮ

ಮೈಸೂರಿನ ನಮ್ಮ ಬೀದಿಯ ಒಂದು ಮನೆಯಲ್ಲಿ ಇದು ನಡೆದ ಬಗೆಯನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತ್ತು. ಮಗುವಿಗೆ ಎರಡು ವರ್ಷ ತುಂಬುವುದರಲ್ಲಿತ್ತು. ಲಂಗದ ಹೆಗಲಿಗೆ ಕ್ಲಿಪ್ಪು ಹಾಕಿ ಮೋಟು ಪಟ್ಟಿಯಲ್ಲಿ ನಿಪ್ಪಲ್ಲನ್ನು ಕಟ್ಟಿದ್ದರು. ತಡೆಬಿಲ್ಲೆಯ ಅಂಚು ಊರಿ ಊರಿ ತುಟಿಯ ಸುತ್ತ ಕೆಂಪಗೆ ವೃತ್ತಾಕಾರದ ಗುರುತು ಬಿದ್ದಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆಗೆ ಬೇಗನೆ ಮುಗಿಸಿಬಿಡುವ ಆತುರ.

“ಅತ್ತೆ, ಒಂದೇ ಸಲ ಎಸೆದುಬಿಟ್ಟರೆ ಆಗೋದಿಲ್ವೆ? ಎರಡು ದಿನ ಅತ್ತು ಸುಮ್ಮನಾಗ್ತಾಳೆ.”

“ಸುಮ್ಮನಾಗ್ತಾಳಮ್ಮ, ಇಲ್ಲ ಅನ್ನೋದಿಲ್ಲ. ಆದರೆ ಅವಳು ಅತ್ತಾಗ ನಾವೇನು ಮಾಡ್ತೀವಿ ಅನ್ನೋದನ್ನ ಮೊದಲು ಗೊತ್ತು ಮಾಡ್ಕೊಳ್ಳೋಣ. ಈಗ ಅವಳು ತುಟಿ ಮುರಿಯೋಕೆ ಮುಂಚೇನೇ ನಿನ್ನ ಕೈ ನಿಪ್ಪಲ್ ಹತ್ರ ಹೋಗುತ್ತೆ, ನನ್ನ ಕೈಯೂ ಹೋಗುತ್ತೆ.”

ಆ ಹಿರಿಯರು ಮೊದಲು ಮಾಡಿದ್ದು ಹೆಗಲಿನ ಪಟ್ಟಿಯನ್ನು ಬಿಚ್ಚಿದ ಕೆಲಸ. ಹಾಸಿಗೆಯ ಬಳಿಯ ಗೂಡಿನಲ್ಲಿ ಕುಂಕುಮದ ಹಳೆಯ ಮರದ ಭರಣಿಯೊಂದನ್ನು ತೊಳೆದು ಒಣಗಿಸಿ ಇಟ್ಟು, ಹಗಲಲ್ಲಿ ನಿಪ್ಪಲ್ಲಿನ ವಾಸ ಅಲ್ಲೇ ಎಂದು ಮೊಮ್ಮಗಳಿಗೆ ತೋರಿಸಿದರು. ಮಗು ದಿನಕ್ಕೆ ಎಷ್ಟೋ ಸಲ ಹೋಗಿ ಮುಚ್ಚಳ ತೆಗೆದು, ಒಳಗಿರುವುದನ್ನು ಕಣ್ಣಾರೆ ನೋಡಿ, ಮುಚ್ಚಳವನ್ನು ತಾನೇ ಹಾಕಿ ಆಟಕ್ಕೆ ಮರಳುತ್ತಿತ್ತು. ಇದೆ ಎಂಬ ಭರವಸೆಯೇ ಹಗಲಿನ ಮಟ್ಟಿಗೆ ಅದಕ್ಕೆ ಸಾಕಾಯಿತು. ಬಿದ್ದು ಅತ್ತು ಬಂದಾಗ ಮನೆಮಂದಿ ಎತ್ತಿಕೊಂಡರು. ಬೇಸರದಿಂದ ರಂಪ ಮಾಡಿದಾಗ ಅವರೆಕಾಯಿ ಬಿಡಿಸುವ ಮೊರದ ಮುಂದೆ ಕೂರಿಸಿಕೊಂಡರು. ಹಗಲು ಹಿಡಿತಕ್ಕೆ ಬಂದ ಮೇಲೆ ಮಧ್ಯಾಹ್ನದ ನಿದ್ದೆ, ಆಮೇಲೆ ರಾತ್ರಿ. ರಾತ್ರಿಗೆ ಹೊಸ ಪದ್ಧತಿಯೊಂದನ್ನು ಮೊದಲೇ ರೂಢಿಸಿದ್ದರು: ಬಿಸಿನೀರಿನಲ್ಲಿ ಕೈಕಾಲು ತೊಳೆಯುವುದು, ದೀಪ ಸಣ್ಣದು ಮಾಡುವುದು, ಒಂದೇ ಕಥೆ, ಒಂದೇ ಹಾಡು, ಬೆನ್ನ ಮೇಲೆ ಕೈ. ಈ ಕ್ರಮ ನೆಲೆಯಾದ ಮೇಲಷ್ಟೇ ನಿಪ್ಪಲ್ಲಿಲ್ಲದೆ ಮಲಗುವ ಮೊದಲ ರಾತ್ರಿ ಬಂದದ್ದು. ಮಗು ಅತ್ತಿತು, ತಾಯಿಯೂ ಅಜ್ಜಿಯೂ ಸರದಿಯ ಮೇಲೆ ಹತ್ತಿರ ಕೂತರು, ಯಾರೂ ಬೈಯಲಿಲ್ಲ, ಭರಣಿಯ ಕಡೆಗೆ ಯಾರೂ ಏಳಲಿಲ್ಲ. ಅದೇ ವಾರದಲ್ಲಿ ಅಳು ಕ್ಷೀಣಿಸಿ ನಿಂತಿತು. ಒಮ್ಮೆ ನಿಲ್ಲಿಸಿದ್ದನ್ನು ಮಗುವಿನ ರಂಪಕ್ಕೆ ಸೋತು ನಡುರಾತ್ರಿಯಲ್ಲಿ ಮರಳಿ ಕೊಡುವ ಮನೆಗಳಲ್ಲಿ ಇದೇ ಕೆಲಸ ತಿಂಗಳುಗಟ್ಟಲೆ ಎಳೆಯುವುದನ್ನೂ ನಾನು ಕಂಡಿದ್ದೇನೆ. ಹೆಚ್ಚು ಅತ್ತರೆ ಸಿಕ್ಕೇ ಸಿಗುತ್ತದೆಂಬ ಪಾಠವನ್ನು ಆ ಮಕ್ಕಳು ಬಹುಬೇಗನೆ ಕಲಿಯುತ್ತವೆ.

ದೊಡ್ಡವರು ಬಿಡಬೇಕಾದದ್ದು

ಆ ಅತ್ತೆ ಸೊಸೆಗೆ ಹೇಳಿದ ಮಾತಿನಲ್ಲಿ ಈ ವಿಷಯದ ತಿರುಳೆಲ್ಲ ಅಡಗಿದೆ. ನಿಪ್ಪಲ್ಲು ಮಗುವಿನ ಅಭ್ಯಾಸವಾಗುವುದಕ್ಕೆ ಮುಂಚೆ ನಮ್ಮ ಅಭ್ಯಾಸವಾಗಿರುತ್ತದೆ. ಬಸ್ಸಿನಲ್ಲಿ, ಮದುವೆಯ ಛತ್ರದಲ್ಲಿ, ಆಫೀಸಿನ ಫೋನು ಬಂದ ಗಳಿಗೆಯಲ್ಲಿ ಅಳುವು ನಮಗೆ ಸಂಕೋಚವನ್ನೂ ಅಡಚಣೆಯನ್ನೂ ತರುತ್ತದೆ. ಹಸಿವೋ ನಿದ್ದೆಯೋ ಒದ್ದೆಬಟ್ಟೆಯೋ ಭಯವೋ ಎಂದು ವಿಚಾರಿಸುವ ವ್ಯವಧಾನವಿಲ್ಲದೆ ಬಾಯಿಗೆ ಒಂದೇ ಪರಿಹಾರವನ್ನು ಇಟ್ಟುಬಿಡುತ್ತೇವೆ. ಒಬ್ಬಂಟಿಯಾಗಿ ಮಗುವನ್ನು ಸಾಕುತ್ತ, ನಿದ್ದೆಗೆಟ್ಟು, ಉದ್ಯೋಗಕ್ಕೂ ಓಡುವ ತಾಯಿಯನ್ನು ಇದಕ್ಕಾಗಿ ದೂಷಿಸುವುದು ಕ್ರೌರ್ಯ. ಅವಳಿಗೆ ಬೇಕಾದದ್ದು ಉಪದೇಶಕ್ಕಿಂತ ಹೆಚ್ಚಾಗಿ, ಮಗುವನ್ನು ಅರ್ಧ ಗಂಟೆ ಎತ್ತಿಕೊಳ್ಳಬಲ್ಲ ಮತ್ತೊಂದು ಜೊತೆ ಕೈ. ಬಿಡಿಸುವ ವಾರದಲ್ಲಿ ತಂದೆಯಾದವನು ರಜೆ ಹಾಕಿ ಮನೆಯಲ್ಲಿರುವುದು ಯಾವ ಔಷಧಕ್ಕಿಂತಲೂ ಗುಣಕಾರಿ.

ನಿಪ್ಪಲ್ಲನ್ನು ಬಿಡಿಸಿದ ಎಷ್ಟೋ ಮನೆಗಳಲ್ಲಿ ಅದೇ ಸ್ಥಾನಕ್ಕೆ ಇಂದು ಮೊಬೈಲು ಬಂದು ಕೂರುತ್ತಿದೆ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯ ಸಹವಾಸ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಅಳು ಕೇಳಿದೊಡನೆ ಚಾಚುವ ಕೈ ಮಾತ್ರ ಹಳೆಯದೇ. ಬಾಯಿಂದ ತೆಗೆದದ್ದನ್ನು ಕಣ್ಣಿಗೆ ಕಟ್ಟಿದರೆ ಬಿಡಿಸಿದಂತಾಗಲಿಲ್ಲ, ಸ್ಥಳಾಂತರಿಸಿದಂತಾಯಿತು ಅಷ್ಟೆ. ಮಾತು ಬಾರದ ಮಗುವಿಗೆ ಇರುವ ಒಂದೇ ಭಾಷೆ ಅಳು. ಅದನ್ನು ಮುಚ್ಚುವ ಆತುರವನ್ನು ತೊರೆದು, ಅದು ಹೇಳುತ್ತಿರುವುದೇನೆಂದು ಕೇಳಿಸಿಕೊಳ್ಳುವ ತಾಳ್ಮೆಯನ್ನು ಮನೆಮಂದಿ ಮೊದಲು ಅಭ್ಯಾಸ ಮಾಡಲಿ; ಆ ತಾಳ್ಮೆ ಮನೆಯಲ್ಲಿ ಬೇರೂರಿದ ಮೇಲೆ ನಿಪ್ಪಲ್ಲನ್ನು ಯಾವ ತಿಂಗಳಲ್ಲಿ ಬಿಡಿಸಿದರೂ ಮಗು ಅದನ್ನು ತಡೆದುಕೊಳ್ಳುತ್ತದೆ, ಮುಂದೆ ಬಿಡಬೇಕಾಗಿ ಬರುವ ಇನ್ನೆಷ್ಟೋ ಸಂಗತಿಗಳನ್ನೂ ತಡೆದುಕೊಳ್ಳುವಷ್ಟು ಬಲವನ್ನು ಪಡೆಯುತ್ತದೆ.